ಲೇತ್ ಶೆಡ್ಡಿನ ಹಿಂದೆ ಒಂದು ತಣ್ಣನೆಯ ಮೋಡ

ನಾವು ನಕ್ಷತ್ರಗಳ ನಡುವಿನ ಮೋಡ ಮಾಡಲು ಹೊರಟ ಕೋಣೆಯಲ್ಲಿ ಅದಕ್ಕೆ ಮುಂಚೆ ಗುಜರಿ ಕಬ್ಬಿಣ ಇಡುತ್ತಿದ್ದರು. ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ಒಂದು ಲೇತ್ ಶೆಡ್ಡು. ಅದರ ಹಿಂದೆ ಹತ್ತಡಿಗೆ ಹನ್ನೆರಡಡಿಯ, ಒಂದೇ ಕಿಟಕಿಯ ಕೋಣೆ. ಗುಬ್ಬಿ ಕಾಲೇಜಿನ ಕೆಮಿಸ್ಟ್ರಿ ಮೇಡಂ ಅಲ್ಲಿಗೇಕೆ ಬಂದು ಕೂತಳು ಎಂದು ನನ್ನ ಬಗ್ಗೆ ಕೇಳದವರಿಲ್ಲ. ಕಾರಣ ಕರೆಂಟು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು, ಕಾಲೇಜಿನಲ್ಲೂ ಅದೇ ಕಥೆ. ಇಂಡಸ್ಟ್ರಿಯಲ್ ಏರಿಯಾದ ಲೈನಿನಲ್ಲಿ ಅಷ್ಟಾಗಿ ಹೋಗುತ್ತಿರಲಿಲ್ಲ. ನನ್ನ ಪ್ರಯೋಗಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಹತ್ತು ಗಂಟೆ, ನಡುವೆ ಒಂದು ಕ್ಷಣವೂ ಕೈಕೊಡದ ಕರೆಂಟು ಬೇಕಿತ್ತು.

ಪ್ರಯೋಗ ಏನೆಂದು ಹೇಳಿಬಿಡುತ್ತೇನೆ. ನಕ್ಷತ್ರಗಳು ಹುಟ್ಟುವ ಮೋಡಗಳು ತೀರ ಕತ್ತಲೆಯವು, ತೀರ ತಣ್ಣನೆಯವು. ಸುಮಾರು ಮೈನಸ್ ಇನ್ನೂರ ಅರವತ್ತು ಡಿಗ್ರಿ. ಆ ಚಳಿಯಲ್ಲಿ ಕೆಮಿಸ್ಟ್ರಿ ನಡೆಯಬಾರದು. ಕಾಯಿಸದೆ ರಿಯಾಕ್ಷನ್ ಮುಂದೆ ಹೋಗುವುದಿಲ್ಲ ಎಂದು ವರ್ಷಗಟ್ಟಲೆ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಟ್ಟವಳು ನಾನೇ. ಆದರೂ ಅಲ್ಲಿ ನಡೆಯುತ್ತದೆ. ಆ ಮೋಡಗಳಲ್ಲಿ ಆಲ್ಕೋಹಾಲು, ಫಾರ್ಮಾಲ್ಡಿಹೈಡು, ಇನ್ನೂ ಎಷ್ಟೋ ಅಣುಗಳಿರುವುದನ್ನು ರೇಡಿಯೋ ದೂರದರ್ಶಕಗಳು ಹಿಡಿದಿವೆ. ಅಲ್ಲಿ ಹೊಗೆಯ ಕಣದಷ್ಟು ಸಣ್ಣ ಧೂಳು ಇರುತ್ತದೆ. ನೀರು, ಕಾರ್ಬನ್ ಮಾನಾಕ್ಸೈಡು, ಅಮೋನಿಯಾ ಎಲ್ಲ ಆ ಧೂಳಿನ ಮೇಲೆ ಹೆಪ್ಪುಗಟ್ಟಿ ಹಿಮದ ಪದರವಾಗುತ್ತವೆ. ಅದರ ಮೇಲೆ ಅಷ್ಟಿಷ್ಟು ಅಲ್ಟ್ರಾವಯೊಲೆಟ್ ಬೆಳಕು ಬಿದ್ದು ಅಣುಗಳು ಮುರಿಯುತ್ತವೆ, ಮುರಿದ ತುಂಡುಗಳು ಕೂಡಿಕೊಂಡು ಹೊಸವಾಗುತ್ತವೆ. ಮುಂದೆಂದೋ ಪಕ್ಕದಲ್ಲಿ ನಕ್ಷತ್ರ ಹುಟ್ಟಿ ಬಿಸಿ ತಗುಲಿದಾಗ ಅವೆಲ್ಲ ಎದ್ದು ಹೊರಗೆ ಬರುತ್ತವೆ. ಇದಿಷ್ಟನ್ನೂ ಒಂದು ಸ್ಟೀಲ್ ಡಬ್ಬಿಯೊಳಗೆ ಮಾಡಬೇಕು, ಏನು ಎದ್ದು ಬರುತ್ತದೋ ನೋಡಬೇಕು ಅನ್ನುವುದು ನನಗೆ ಹಿಡಿದ ಹುಚ್ಚು.

ಹುಚ್ಚಿಗೂ ಗಡುವು ಇತ್ತು. ಕಾಲೇಜು ನನಗೆ ಎರಡು ವರ್ಷ ಪಾಠದಿಂದ ಬಿಡುಗಡೆ ಕೊಟ್ಟಿತ್ತು. ಅದು ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. ಬೆಂಗಳೂರಿನ ನನ್ನ ಗೈಡ್ ತಮ್ಮ ಸಂಸ್ಥೆಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಕೂಲಿಂಗ್ ಮೆಷಿನ್ನನ್ನೂ ಅಣುಗಳ ತೂಕ ಹೇಳುವ ಹಳೇ ಸ್ಪೆಕ್ಟ್ರೋಮೀಟರನ್ನೂ ಎರವಲು ಕೊಟ್ಟಿದ್ದರು. ಅವೂ ಜನವರಿಯಲ್ಲಿ ವಾಪಸು ಹೋಗಬೇಕು. ಅಷ್ಟರೊಳಗೆ ನಂಬುವಂಥ ಒಂದು ಫಲಿತಾಂಶ ಸಿಗದಿದ್ದರೆ ಪಿಎಚ್.ಡಿ. ನೋಂದಣಿ ರದ್ದಾಗುತ್ತಿತ್ತು.

ಡಬ್ಬಿ ಮಾಡಿಕೊಟ್ಟವರು ಶೆಡ್ಡಿನ ಮೇಸ್ತ್ರಿ. ಹುಲಿಯೂರುದುರ್ಗದ ಕಡೆಯವರು, ಐವತ್ತು ದಾಟಿದ, ಲೇತ್ ಕೆಲಸದ ಟರ್ನರ್. ಅದುವರೆಗೆ ಪಂಪ್‌ಸೆಟ್ಟಿನ ಬಿಡಿಭಾಗ ಮಾಡಿಕೊಂಡಿದ್ದವರು ನನ್ನ ಡ್ರಾಯಿಂಗನ್ನು ತಿರುಗಿಸಿ ತಿರುಗಿಸಿ ನೋಡಿ, "ಒಳಗೇನಿರ್ತದೆ ಮೇಡಂ?" ಎಂದರು.

"ಏನೂ ಇರ್ಬಾರ್ದು. ಗಾಳಿನೂ ಇರ್ಬಾರ್ದು."

"ಏನೂ ಇಲ್ದೆ ಇರಕ್ಕೆ ಇಷ್ಟ್ ದಪ್ಪದ ಸ್ಟೀಲ್ ಬೇಕಾ," ಎಂದು ನಕ್ಕರು. ಆದರೆ ಒಪ್ಪಿಕೊಂಡರು.

ವೆಲ್ಡಿಂಗ್ ಮೂರು ಸಲ ಸೋರಿತು. ಜೋಡಣೆಯ ಮೇಲೆ ಹನಿ ಹನಿಯಾಗಿ ಅಸಿಟೋನ್ ಬಿಡುತ್ತ ಹೋಗುವುದು, ಯಾವ ಜಾಗದಲ್ಲಿ ಒಳಗಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಎಗರುತ್ತದೋ ಅಲ್ಲಿ ತೂತು ಎಂದು ಸೀಮೆಸುಣ್ಣದ ಗುರುತು ಹಾಕುವುದು. ಮೇಸ್ತ್ರಿಗೆ ಈ ಆಟ ಬಲು ಇಷ್ಟವಾಯಿತು. "ಕಣ್ಣಿಗೆ ಕಾಣ್ದಿರೋ ತೂತು ಮುಳ್ಳಿಗೆ ಕಾಣ್ತದೆ ನೋಡಿ," ಎನ್ನುತ್ತ ಮೂರು ವಾರ ಹೊತ್ತು ಹೋದದ್ದು ತಿಳಿಯದಂತೆ ಹುಡುಕಿದರು. ಸೋರಿಕೆ ನಿಂತ ಮೇಲೆ ಬೆರಳಿನ ತಾಪತ್ರಯ ಶುರುವಾಯಿತು. ಶೆಡ್ಡಿನಲ್ಲಿ ಎಲ್ಲರ ಕೈಯೂ ಎಣ್ಣೆ. ಒಂದು ಹೆಬ್ಬೆಟ್ಟಿನ ಗುರುತು ಒಳಗೆ ಉಳಿದರೆ ಸಾಕು, ಅದರ ಜಿಡ್ಡು ಆವಿಯಾಗಿ ಹೋಗುವವರೆಗೆ ದಿನಗಟ್ಟಲೆ ಗಾಳಿ ಹೀರುವ ಪಂಪು ಓಡಿಸಬೇಕು. ನಾನು ಮೊದಲೇ ಸಿಡುಕಿ. ಎರಡು ಮೂರು ಸಲ ರೇಗಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ದಿನ ಹೇಳಿದೆ: "ಮೇಸ್ತ್ರಿ, ಇದನ್ನ ದೇವ್ರ ಮನೆ ಅಂದ್ಕೊಳ್ಳಿ. ಮಡಿ ಇಲ್ದೆ ಯಾರೂ ಒಳಗೆ ಕೈ ಹಾಕ್ಬಾರ್ದು."

ಅಂದಿನಿಂದ ಎಲ್ಲ ಸರಿಹೋಯಿತು. ಮೇಸ್ತ್ರಿ ಬಾಗಿಲಲ್ಲೇ ಚಪ್ಪಲಿ ಬಿಡತೊಡಗಿದರು. ಕೈಗೆ ಗ್ಲೌಸು ಹಾಕದೆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಆ ಕೋಣೆಯ ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ "ಏನ್ಲಾ, ಕಣ್ ಕಾಣಾಕಿಲ್ವಾ" ಎಂದು ಅಟ್ಟುತ್ತಿದ್ದರು. ಸರಿಯಾದ ಮಾತು ಸಿಕ್ಕಿತು ಎಂದು ನಾನು ಮನೆಗೆ ಬಂದು ಜಂಬ ಕೊಚ್ಚಿಕೊಂಡೆ.

ಸೆಪ್ಟೆಂಬರಿನಲ್ಲಿ ಖಾಲಿ ಓಡಿಸಿ ನೋಡಿದೆವು. ಖಾಲಿ ಎಂದರೆ ಹಿಮ ಹಾಕದೆ, ಅಲ್ಟ್ರಾವಯೊಲೆಟ್ ಲ್ಯಾಂಪು ಹಾಕದೆ, ಬರೀ ತಣ್ಣಗೆ ಮಾಡಿ ಮತ್ತೆ ಬಿಸಿ ಮಾಡುವುದು. ಸ್ಪೆಕ್ಟ್ರೋಮೀಟರು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಯಾವ ತೂಕದ ಅಣು ಬಂದರೆ ಆ ಸಂಖ್ಯೆಯ ಮೇಲೆ ಗೆರೆ ಮೇಲೇಳುತ್ತದೆ. ಹದಿನೆಂಟರಲ್ಲಿ ಒಂದಿಷ್ಟು ನೀರು ಬಿಟ್ಟರೆ ಬೇರೇನೂ ಏಳಲಿಲ್ಲ. ಗೈಡಿಗೆ ಕಳಿಸಿದೆ, ಅವರು ಚೆನ್ನಾಗಿದೆ ಎಂದರು. ದಸರೆಗೆ ನಾಲ್ಕು ದಿನ ಕುಣಿಗಲ್ಲಿನ ತವರಿಗೆ ಹೋದೆ. ಹೋಗುವ ಮುಂಚೆ, ಡಬ್ಬಿಗೆ ಲ್ಯಾಂಪಿನ ಬೆಳಕು ಬಿಡುವ ಕಿಟಕಿಯ ರಬ್ಬರ್ ರಿಂಗು ಬಿರುಕು ಬಿಟ್ಟಿದೆ, ಡಬ್ಬಿ ಬಿಚ್ಚಿ ಹೊಸದು ಹಾಕಿಡಿ ಎಂದು ಮೇಸ್ತ್ರಿಗೆ ಹೇಳಿದ್ದೆ. ವಾಪಸು ಬರುವಷ್ಟರಲ್ಲಿ ಹಾಕಿ, ಮುಚ್ಚಿ, ಪಂಪು ಓಡಿಸಿಟ್ಟಿದ್ದರು.

ನವೆಂಬರಿನಲ್ಲಿ ಮೊದಲ ಪೂರ್ತಿ ಓಟ. ನೀರು, ಕಾರ್ಬನ್ ಮಾನಾಕ್ಸೈಡು, ಅಮೋನಿಯಾ ಮೂರನ್ನೂ ಹಿಮ ಮಾಡಿ ಮೂರು ಗಂಟೆ ಲ್ಯಾಂಪಿನ ಬೆಳಕು ಕೊಟ್ಟು, ಸಂಜೆ ಮೆಲ್ಲಗೆ ಬಿಸಿ ಏರಿಸಿದೆ. ಇಪ್ಪತ್ತೆಂಟರಲ್ಲಿ ಕಾರ್ಬನ್ ಮಾನಾಕ್ಸೈಡು ಎದ್ದುಹೋಯಿತು, ಆಮೇಲೆ ಅಮೋನಿಯಾ. ಮೈನಸ್ ಎಪ್ಪತ್ತರ ಹತ್ತಿರ ಬಂದಾಗ ಪೆನ್ನು ಇದ್ದಕ್ಕಿದ್ದಂತೆ ತೊಂಬತ್ತೈದರಲ್ಲಿ ಎದ್ದಿತು. ಎಂಬತ್ತೊಂದರಲ್ಲಿ ಒಂದು, ನೂರ ಎಂಟರಲ್ಲಿ ಒಂದು, ತುತ್ತತುದಿಯಲ್ಲಿ ನೂರ ಐವತ್ತೆರಡರಲ್ಲಿ ಇನ್ನೊಂದು. ಮೂರು ಪುಟ್ಟ ಅಣುಗಳಿಂದ ಇಷ್ಟು ದೊಡ್ಡದು ಆಗಿದೆ ಎಂದರೆ ನನಗೆ ನಂಬಲು ಆಗಲಿಲ್ಲ. ಮತ್ತೆರಡು ದಿನ ಓಡಿಸಿದೆ, ಎರಡು ದಿನವೂ ಬಂತು. ಖುಷಿಗೆ ಊಟ ಸೇರಲಿಲ್ಲ.

ಗೈಡ್ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದರು. ಮೂರೂ ಚಾರ್ಟುಗಳನ್ನು ಲೇತಿನ ಪಕ್ಕದ ಬೆಂಚಿನ ಮೇಲೆ ಹರಡಿಕೊಂಡು ಒಂದೊಂದು ಗೆರೆಯನ್ನೂ ಬೆರಳಿಟ್ಟು ನೋಡಿದರು. ಆಮೇಲೆ ಚಾರ್ಟಿನ ಹಿಂದೆ ಪೆನ್ಸಿಲಿನಲ್ಲಿ ಕಾರ್ಬನ್ ಉಂಗುರಗಳನ್ನು ಬರೆಯತೊಡಗಿದರು. "ಮೇಡಂ, ಇಷ್ಟು ದೊಡ್ಡದನ್ನ ಇಂಥ ಹಿಮದಲ್ಲಿ ಯಾರೂ ನೋಡಿಲ್ಲ," ಎಂದರು. ದೊಡ್ಡದೊಂದು ಸಮ್ಮೇಳನವಿತ್ತು, ಅದಕ್ಕೆ ಸಾರಾಂಶ ಬರೆದು ಮುಂದಿನ ಶುಕ್ರವಾರದೊಳಗೆ ಕೊರಿಯರ್ ಮಾಡಬೇಕೆಂದು ತೀರ್ಮಾನವಾಯಿತು. ಅದೊಂದು ಹೋದರೆ ನನ್ನ ನೋಂದಣಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

ಆ ಸೋಮವಾರ, ಇರಲಿ ಎಂದು ಇನ್ನೊಂದು ಓಟ ಓಡಿಸಿದೆ. ಲ್ಯಾಂಪು ಹಾಕಿ ಒಂದೂವರೆ ಗಂಟೆಗೆ ಅದರ ಫ್ಯೂಸು ಸುಟ್ಟಿತು. ಬದಲಿ ಫ್ಯೂಸು ಇರಲಿಲ್ಲ. ಹಾಳಾಗಿ ಹೋಗಲಿ, ಅರ್ಧ ಬೆಳಕಾದರೂ ಆಗಿದೆಯಲ್ಲ ಎಂದು ಬಿಸಿ ಏರಿಸಿದೆ. ತೊಂಬತ್ತೈದು ಎದ್ದಿತು. ಎತ್ತರವನ್ನು ಸ್ಕೇಲಿನಲ್ಲಿ ಅಳೆದೆ. ಹಿಂದಿನ ಮೂರರಷ್ಟೇ ಇತ್ತು.

ಮಾರನೆಯ ದಿನ ಗುಬ್ಬಿಗೆ ಹೋಗಬೇಕಿತ್ತು. ತಿಂಗಳಿಗೊಮ್ಮೆ ಕಾಲೇಜಿಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕುವ ಪದ್ಧತಿ. ಪ್ರಿನ್ಸಿಪಾಲರು ನಗುನಗುತ್ತಾ, "ಏನ್ ಮೇಡಂ, ಜನವರಿಗೆ ಟೈಮ್‌ಟೇಬಲ್ ಹಾಕ್ತಾ ಇದೀನಿ. ಬಾಗಿಲ ಮೇಲೆ ಡಾಕ್ಟರ್ ಅಂತ ಬೋರ್ಡು ಬರೆಸ್ಲೋ, ಕಾಯ್ಲೋ?" ಎಂದರು.

"ಬರೆಸಿ ಸರ್," ಎಂದುಬಿಟ್ಟೆ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತರೂ ಆ ಎತ್ತರವೇ ತಲೆಯಲ್ಲಿ ಸುತ್ತುತ್ತಿತ್ತು. ಸಾರಿಗೆ ಅರ್ಧ ಉಪ್ಪು ಹಾಕಿದರೂ ರುಚಿ ಪೂರ್ತಿ ಉಪ್ಪಿನದೇ ಇದ್ದರೆ, ಉಪ್ಪು ಮೊದಲೇ ಪಾತ್ರೆಯಲ್ಲಿ ಇತ್ತೆಂದು ಅರ್ಥ. ಬೆಳಕು ಅರ್ಧವಾದರೂ ಗೆರೆ ಅಷ್ಟೇ ಇದೆಯೆಂದರೆ ಅದನ್ನು ಮಾಡಿದ್ದು ಬೆಳಕಲ್ಲ. ಹಾಗಾದರೆ ಯಾವುದು? ಭಯಕ್ಕಿಂತ ಹೆಚ್ಚಾಗಿ, ಇದೇನಿದು ಅನ್ನುವ ತುರಿಕೆ ನನ್ನನ್ನು ಕೂರಲು ಬಿಡಲಿಲ್ಲ. ಬಸ್ಸು ಇಳಿದವಳೇ ಎಸ್‌ಟಿಡಿ ಬೂತಿಗೆ ಹೋಗಿ ಗೈಡಿಗೆ ಫೋನ್ ಮಾಡಿದೆ. ಇನ್ನೊಂದು ಖಾಲಿ ಓಟ ಓಡಿಸುತ್ತೇನೆ ಎಂದೆ.

"ಸೆಪ್ಟೆಂಬರಲ್ಲಿ ಓಡಿಸಿದೀರಲ್ಲ. ಕ್ಲೀನ್ ಇತ್ತು."

"ಇತ್ತು ಸರ್. ಆದರೂ."

"ಗುರುವಾರ ಟೈಪ್ ಆಗ್ಬೇಕು, ಶುಕ್ರವಾರ ಕೊರಿಯರ್. ನಾನು ಡೈರೆಕ್ಟರಿಗೂ ಹೇಳಿ ಆಗಿದೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಫ್ಯೂಸಿನ ದಿನದ ಚಾರ್ಟನ್ನು ಮಡಿಸಿ ಒಳಗಿಟ್ಟು ಉಳಿದ ಮೂರನ್ನು ಕಳಿಸಿದರೆ ಕೇಳುವವರು ಯಾರೂ ಇರಲಿಲ್ಲ. ಅದು ಎಷ್ಟು ಸುಲಭ ಎಂದು ಗೊತ್ತಾದಾಗಲೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಬುಧವಾರ ಬೆಳಿಗ್ಗೆ ಎಂಟಕ್ಕೇ ಶೆಡ್ಡಿಗೆ ಹೋಗಿ ಕೂಲಿಂಗ್ ಮೆಷಿನ್ನಿನ ಕಂಪ್ರೆಸರ್ ಹಾಕಿದೆ. ಹಿಮ ಹಾಕಲಿಲ್ಲ, ಲ್ಯಾಂಪು ಹಾಕಲಿಲ್ಲ. ಮಧ್ಯಾಹ್ನ ಬಿಸಿ ಏರಿಸಿದೆ. ಮೈನಸ್ ಎಪ್ಪತ್ತರ ಹತ್ತಿರ ಪೆನ್ನು ಎದ್ದು ಅದೇ ಎತ್ತರಕ್ಕೆ ಹೋಯಿತು.

ಹಿಂದೆ ನಿಂತಿದ್ದ ಮೇಸ್ತ್ರಿ ಸಂತೋಷದಿಂದ, "ಬಂತಲ್ಲ ಮೇಡಂ," ಎಂದರು.

"ಬರ್ಬಾರ್ದಾಗಿತ್ತು ಮೇಸ್ತ್ರಿ," ಎಂದೆ. ಸ್ಟೂಲು ಎಳೆದುಕೊಂಡು ಕೂತೆ.

ಸೆಪ್ಟೆಂಬರಿನ ಖಾಲಿ ಓಟದಿಂದ ಈಚೆಗೆ ಆ ಡಬ್ಬಿಯೊಳಗೆ ಏನೇನು ಹೋಗಿದೆ, ಒಂದೂ ಬಿಡದೆ ಹೇಳಿ ಎಂದು ಕೇಳಿದೆ. ಮೇಸ್ತ್ರಿ ಬೆರಳು ಮಡಿಸುತ್ತ ಹೇಳಿದರು. ಹೊಸ ರಬ್ಬರ್ ರಿಂಗು. ಅದನ್ನು ಒರೆಸಿದ ಅಸಿಟೋನು. ಹೊಸ ಗ್ಲೌಸು. ಕಿಟಕಿಯ ಗಾಜು ಅದೇ ಹಳೆಯದು. "ಆಮ್ಯಾಕೆ ಪೂಜೆ ಮಾಡಿ ಮುಚ್ದೋ," ಎಂದರು.

"ಯಾವ ಪೂಜೆ?"

"ಆಯುಧ ಪೂಜೆ ಮೇಡಂ. ಎಲ್ಲಾ ಮೆಷಿನ್ಗೂ ಮಾಡಿ ಇದೊಂದುನ್ನ ಬುಟ್ಟುಬುಡಕ್ಕಾಯ್ತದಾ?"

ಅವರು ಎಷ್ಟು ಜೋಪಾನ ಮಾಡಿದ್ದರೆಂದು ಕೇಳಿದರೆ ಅಳು ಬರುತ್ತಿತ್ತು. ಅರಿಶಿನ ಕುಂಕುಮ ಪುಡಿ ಎಂದು ಇಟ್ಟಿರಲಿಲ್ಲ. ಹೂವಿನ ಧೂಳು ಉದುರುತ್ತದೆಂದು ಹೂವು ಏರಿಸಿರಲಿಲ್ಲ. ತೆಂಗಿನಕಾಯಿ ಹೊರಗೆ ಒಡೆದಿದ್ದರು. ಸ್ನಾನ ಮಾಡಿ, ಗ್ಲೌಸು ಹಾಕಿಕೊಂಡು, ಸ್ಟೀಲ್ ತಟ್ಟೆಯಲ್ಲಿ ಎರಡು ಬಿಲ್ಲೆ ಕರ್ಪೂರ ಹಚ್ಚಿ ತೆರೆದ ಬಾಯಿಂದ ಡಬ್ಬಿಯ ಒಳಗೇ ಆರತಿ ಎತ್ತಿದ್ದರು. ಲೇತಿಗಾದರೆ ಕಬ್ಬಿಣದ ತುಂಡು ಹಿಡಿದು ತಿರುಗುವ ಚಕ್ಕಿಗೆ ಬೆಳಗುತ್ತಾರೆ, ಡ್ರಿಲ್ಲಿಂಗ್ ಮೆಷಿನ್ನಿಗೆ ಅದರ ಮೂತಿಗೆ. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿಗೆ ಬೆಳಗುವುದು ಶೆಡ್ಡಿನ ಪದ್ಧತಿ. "ಇದ್ರ ಕೆಲ್ಸ ಒಳ್ಗಲ್ವಾ ನಡ್ಯೋದು," ಎಂದರು. "ಕರ್ಪೂರ ಉರುದ್ರೆ ಏನೂ ಉಳ್ಯಾಕಿಲ್ಲ, ಬೂದಿನೂ ಇರಾಕಿಲ್ಲ. ಅದ್ಕೇ ಅದೊಂದ್ನೇ ಮಾಡ್ದೆ."

ನಾನು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆದೆ. ಕರ್ಪೂರದಲ್ಲಿ ಹತ್ತು ಕಾರ್ಬನ್, ನೂರಿಪ್ಪತ್ತು. ಹದಿನಾರು ಹೈಡ್ರೋಜನ್, ಹದಿನಾರು. ಒಂದು ಆಕ್ಸಿಜನ್, ಇನ್ನೊಂದು ಹದಿನಾರು. ಕೂಡಿದರೆ ನೂರ ಐವತ್ತೆರಡು. ತೊಂಬತ್ತೈದು, ಎಂಬತ್ತೊಂದು, ನೂರ ಎಂಟು ಎಲ್ಲ ಅದೇ ಅಣು ಸ್ಪೆಕ್ಟ್ರೋಮೀಟರಿನೊಳಗೆ ಮುರಿದ ತುಂಡುಗಳು. ಗೈಡ್ ಬರೆದ ಉಂಗುರಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಕರ್ಪೂರ ಪೂರ್ತಿ ಉರಿಯುವುದಿಲ್ಲ. ಜ್ವಾಲೆಯ ಸುತ್ತ ಉರಿಯದೆ ಎದ್ದ ಆವಿ ರಬ್ಬರಿನೊಳಗೆ ಇಳಿದು ಕೂತಿತ್ತು. ಡಬ್ಬಿಯೊಳಗೆ ಅತಿ ತಣ್ಣಗಿನ ಜಾಗ ಎಲ್ಲಿದೆಯೋ ಅಲ್ಲಿಗೆ, ಅಂದರೆ ನನ್ನ ಮೋಡಕ್ಕೆ, ದಿನವೂ ಒಂದಿಷ್ಟು ಬಂದು ಹೆಪ್ಪುಗಟ್ಟುತ್ತಿತ್ತು.

ಬೈದೆ. ಶೆಡ್ಡಿನ ಲೇತು ನಿಲ್ಲುವಷ್ಟು ಜೋರಾಗಿ ಬೈದೆ. ಬುದ್ಧಿ ಇದೆಯಾ, ಎರಡು ವರ್ಷ ಹಾಳು ಮಾಡಿದಿರಲ್ಲ ಎಂದೆಲ್ಲ ಅಂದೆ. ನಾನು ನಿಲ್ಲಿಸಿದ ಮೇಲೆ ಮೇಸ್ತ್ರಿ ಗ್ಲೌಸು ಕಳಚುತ್ತ ಮೆಲ್ಲಗೆ, "ದೇವ್ರ ಮನೆ ಅಂದ್ಕೊಳ್ಳಿ ಅಂದೋರು ನೀವೇ ಅಲ್ವಾ ಮೇಡಂ," ಎಂದರು.

ದೇವರ ಮನೆಯಲ್ಲಿ ಮಡಿ ಇರುತ್ತದೆ, ಹಬ್ಬದ ದಿನ ಆರತಿಯೂ ಇರುತ್ತದೆ. ಅರ್ಧ ಮಾತ್ರ ಪಾಲಿಸಿ ಎಂದು ನಾನು ಹೇಳಿರಲಿಲ್ಲ. ಅಂದು ಸಂಜೆ ಗೈಡಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ತಪ್ಪು ನನ್ನದು, ಮೇಸ್ತ್ರಿಯದಲ್ಲ ಎಂದೂ ಹೇಳಿದೆ. ಅವರು "ಕರ್ಪೂರ" ಎಂದು ಒಮ್ಮೆ ಅಂದರು. "ಡಿಸೆಂಬರ್ ಮುಗಿಯೋ ಒಳಗೆ ಬೇರೆ ಏನಾದ್ರೂ ಇದ್ರೆ ತನ್ನಿ," ಎಂದು ಫೋನ್ ಇಟ್ಟರು. ಸಾರಾಂಶ ಹೋಗಲಿಲ್ಲ.

ಬೇರೆ ಏನಾದರೂ ಇತ್ತು. ಆ ವಾರವಿಡೀ ಹಳೇ ಚಾರ್ಟುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ತೊಂಬತ್ತೈದರ ಮೇಲೆ ಕಾಗದದ ಪಟ್ಟಿ ಮುಚ್ಚಿ ಉಳಿದದ್ದನ್ನು ನೋಡಿದೆ. ಮೈನಸ್ ಅರವತ್ತರ ಆಸುಪಾಸಿನಲ್ಲಿ, ನಲವತ್ತೈದರ ಮೇಲೆ ಒಂದು ಗಿಡ್ಡ ಗೆರೆ. ಪಕ್ಕದಲ್ಲಿ ನಾನೇ ಪೆನ್ಸಿಲಿನಲ್ಲಿ "ಗದ್ದಲ?" ಎಂದು, ಅಂದರೆ ಮೆಷಿನ್ನಿನದೇ ಸುಮ್ಮನೆ ಅಲುಗಾಟವೇನೋ ಎಂದು, ಬರೆದಿದ್ದೆ. ತೊಂಬತ್ತೈದರ ಸಂಭ್ರಮದಲ್ಲಿ ಅದನ್ನು ಯಾರು ನೋಡುತ್ತಾರೆ. ಫ್ಯೂಸು ಸುಟ್ಟ ದಿನದ ಚಾರ್ಟು ತೆಗೆದು ಸ್ಕೇಲು ಇಟ್ಟೆ. ಆ ದಿನ ನಲವತ್ತೈದು ಸರಿಯಾಗಿ ಅರ್ಧ ಎತ್ತರವಿತ್ತು. ಖಾಲಿ ಓಟದಲ್ಲಿ ಆ ಜಾಗ ಬರಿದಾಗಿತ್ತು. ಲೆಕ್ಕ ಹಾಕಿದರೆ ಫಾರ್ಮಮೈಡು: ಅಮೋನಿಯಾದ ಒಂದು ತುಂಡು, ಕಾರ್ಬನ್ ಮಾನಾಕ್ಸೈಡು, ಒಂದು ಹೈಡ್ರೋಜನ್. ಅದು ಆಕಾಶದಲ್ಲಿ ಇದೆ ಎಂದು ಹಿಂದೆಯೇ ಗೊತ್ತಿತ್ತು, ಹೊಸದೇನಲ್ಲ. ಆದರೆ ನಮ್ಮ ಡಬ್ಬಿಯೊಳಗೆ ಬೆಳಕಿಗೆ ತಕ್ಕಂತೆ ಬೆಳೆಯುತ್ತಿದ್ದದ್ದು ಇದೊಂದೇ.

ಕೊಳಕು ಡಬ್ಬಿಯ ಚಾರ್ಟನ್ನು ಯಾರೂ ಒಪ್ಪುವುದಿಲ್ಲ. ಮತ್ತೆ ಎಲ್ಲ ಬಿಚ್ಚಬೇಕಾಯಿತು. ಕೋಪ ಮಾಡಿಕೊಂಡಿರುತ್ತಾರೆಂದು ಹೆದರುತ್ತಲೇ ಹೋದರೆ, ಮೇಸ್ತ್ರಿ ಆಗಲೇ ರಬ್ಬರ್ ರಿಂಗುಗಳನ್ನೆಲ್ಲ ತೆಗೆದು ಒಂದು ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿದ್ದರು. "ಇವ್ನ ಮೂಸ್ ನೋಡಿ ಮೇಡಂ," ಎಂದರು. ಮೂಸಿದೆ. ಸಣ್ಣಗೆ ಮಂಗಳಾರತಿಯ ವಾಸನೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ನಾನು ಅಂದ ಮಾತುಗಳಿಗೆ ಕ್ಷಮೆ ಕೇಳಿದೆ. "ಬುಡಿ ಮೇಡಂ, ಕೆಲ್ಸ ನೋಡಣ," ಎಂದರು.

ಹೊಸ ರಿಂಗು ಹಾಕಿ, ಡಬ್ಬಿಗೆ ಹೀಟಿಂಗ್ ಟೇಪು ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಒಳಗೆ ಉಳಿದ ಕರ್ಪೂರ ಆವಿಯಾಗಿ ಹೋಗಲೆಂದು ಆರು ದಿನ ಬೇಯಿಸಿದೆವು. ತೊಂಬತ್ತೈದು ತಗ್ಗಿತು, ಹೋಗಲಿಲ್ಲ. ಮೇಸ್ತ್ರಿ ಇಡೀ ದಿನ ಡಬ್ಬಿಯ ಸುತ್ತ ಸುತ್ತಿ, ಕೂಲಿಂಗ್ ಮೆಷಿನ್ನಿನ ಕುತ್ತಿಗೆಯಲ್ಲಿ ನಾನು ಮರೆತೇಬಿಟ್ಟಿದ್ದ ಒಂದು ಸಣ್ಣ ರಿಂಗು ಹಿಡಿದರು. ಅದನ್ನು ಬದಲಿಸಿ ಮತ್ತೆ ಆರು ದಿನ. ಆಗ ಡಿಸೆಂಬರಿನಲ್ಲಿ ಉಳಿದದ್ದು ಎರಡೇ ದಿನ.

ಮೊದಲ ದಿನ ಪೂರ್ತಿ ಓಟ. ತೊಂಬತ್ತೈದರ ಜಾಗದಲ್ಲಿ ಗೆರೆ ಮಲಗಿಯೇ ಇತ್ತು. ಮೈನಸ್ ಅರವತ್ತರ ಹತ್ತಿರ ನಲವತ್ತೈದು ಮೆಲ್ಲಗೆ, ಹಟಮಾರಿಯಂತೆ, ಒಬ್ಬಂಟಿಯಾಗಿ ಎದ್ದಿತು. ಚಾರ್ಟು ಹರಿದುಕೊಂಡು ಎಸ್‌ಟಿಡಿ ಬೂತಿಗೆ ಓಡುವವಳಿದ್ದೆ. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು.

"ಖಾಲಿ ಓಡ್ಸಲ್ವಾ ಮೇಡಂ?"

"ನಾಳೆ ಒಂದೇ ದಿನ ಇರೋದು ಮೇಸ್ತ್ರಿ. ಇನ್ನೊಂದ್ಸಲ ಪೂರ್ತಿ ಓಡಿಸಿದ್ರೆ ಎರಡು ಚಾರ್ಟ್ ಆಗುತ್ತೆ."

"ಆವತ್ತೂ ಮೂರ್ ಚಾರ್ಟ್ ಇದ್ವಲ್ಲ," ಎಂದರು.

ಮಾರನೆಯ ದಿನ ಖಾಲಿ ಓಡಿಸಿದೆವು. ಈ ಸಲದ ಖಾಲಿ ಎಂದರೆ ಮೂರೂ ಅನಿಲಗಳ ಹಿಮ ಹಾಕುವುದು, ಲ್ಯಾಂಪು ಮಾತ್ರ ಹಾಕದೆ ಬಿಡುವುದು, ಬೆಳಕಿಲ್ಲದೆಯೂ ನಲವತ್ತೈದು ಏಳುತ್ತದೋ ನೋಡುವುದು. ಮೂರು ಗಂಟೆ ಆರಿದ ಲ್ಯಾಂಪಿನ ಮುಂದೆ ಇಬ್ಬರೂ ಸುಮ್ಮನೆ ಕೂತಿದ್ದೆವು. ಕರೆಂಟು ಹೋಗಲಿಲ್ಲ. ಸಂಜೆ ಬಿಸಿ ಏರಿಸಿದೆ. ಕಾರ್ಬನ್ ಮಾನಾಕ್ಸೈಡು ಎದ್ದಿತು, ಅಮೋನಿಯಾ ಎದ್ದಿತು, ನೀರು ಎದ್ದಿತು. ಮೈನಸ್ ಎಪ್ಪತ್ತು. ಮೈನಸ್ ಅರವತ್ತು. ಮೈನಸ್ ಐವತ್ತು. ನಲವತ್ತೈದರ ಮೇಲೆ ಪೆನ್ನು ಅಲುಗಾಡದೆ ನೇರ ಗೆರೆ ಎಳೆದುಕೊಂಡು ಹೋಯಿತು. ಅಷ್ಟು ಚೆಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಸ್ತ್ರಿ ಕಾಗದದ ಹತ್ತಿರ ಬಗ್ಗಿ, ಮುಟ್ಟದೆ, ಗೆರೆಯ ಉದ್ದಕ್ಕೂ ಬೆರಳು ಓಡಿಸಿದರು.

ಬೂತಿನಲ್ಲಿ ಎರಡನೇ ರಿಂಗಿಗೇ ಗೈಡ್ ಫೋನ್ ಎತ್ತಿದರು. ನಿನ್ನೆ ಲ್ಯಾಂಪು ಹಾಕಿದಾಗ ನಲವತ್ತೈದು ಬಂತು, ಇವತ್ತು ಹಾಕದೆ ಓಡಿಸಿದೆ ಎಂದೆ.

"ಇವತ್ತು ಏನು ಬಂತು?"

"ಏನೂ ಬರಲಿಲ್ಲ ಸರ್," ಎಂದೆ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ಹಾಗಾದ್ರೆ ಬರೆಯೋಕೆ ಶುರು ಮಾಡಿ," ಎಂದರು.